ರತ್ನಾಜಿಯ ತಲೆಗೆ ಕಟ್ಟಿದ ಪಾಪ

ರತ್ನಾಜಿಯ ಹೆಸರೆತ್ತಿದರೆ ನಮ್ಮ ವಿಮರ್ಶೆ ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುತ್ತದೆ: ಕಾಮಾಂಧಳು. ಕುಮಾರರಾಮ ಪರನಾರೀ ಸಹೋದರ, ಅವನೆದುರು ಇವಳು ಕುಲಕ್ಕೆ ಹತ್ತಿದ ಕೇಡು. ಕಂಪ್ಲಿ, ಕುಮ್ಮಟಗಳ ಕತೆಗೆ ಇಷ್ಟೇ ತಾತ್ಪರ್ಯವಂತೆ. ನೀತಿಪಾಠಕ್ಕೆ ಇದು ಸಾಕು. ಈ ಕತೆಯನ್ನು ಹಾಡಿದ 1525ರ ಸುಮಾರಿನ ನಂಜುಂಡ ಕವಿಯ ಸಾಂಗತ್ಯಕ್ಕೆ ಸಾಲದು. ರತ್ನಾಜಿಯನ್ನು ತೆಗೆದುಬಿಟ್ಟರೆ ಅಲ್ಲಿ ಉಳಿಯುವುದು ಬರೀ ದಂಡಯಾತ್ರೆ. ಶೀಲವಂತನೆಂದು ನಾವು ಹಾಡಿ ಹೊಗಳುವ ರಾಮನ ಶೀಲಕ್ಕೆ ಪರೀಕ್ಷೆಯೇ ಇರುವುದಿಲ್ಲ.

ಚೆಂಡಾಟದ ಪ್ರಸಂಗವನ್ನೇ ನೋಡಿ. ಚೆಂಡು ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆ, ತರಲು ರಾಮ ತಾನೇ ಒಳಗೆ ಹೋಗುತ್ತಾನೆ. ನಂಟಿನ ಲೆಕ್ಕದಲ್ಲಿ ಅವಳು ಚಿಕ್ಕತಾಯಿ. ಆದರೆ ಅವನನ್ನು ಹೆತ್ತವಳಲ್ಲ, ಎತ್ತಿ ಆಡಿಸಿದವಳೂ ಅಲ್ಲ. ಬೆಳೆದ ಮಗನಿರುವ ಅರಸನ ಅಂತಃಪುರ ಸೇರಿದ ಹೆಣ್ಣು. ಅಲ್ಲಿ ನಡೆಯುವುದು ಎರಡು ಬೇರೆ ಸಂಗತಿಗಳು: ಮೊದಲು ಅವಳು ರಾಮನನ್ನು ಬಯಸುತ್ತಾಳೆ, ಅವನು ಒಲ್ಲೆನೆಂದ ಮೇಲೆ ಅವನ ವಿರುದ್ಧ ಗಂಡನಿಗೆ ಸುಳ್ಳು ದೂರು ಹೇಳುತ್ತಾಳೆ. ಬಯಕೆ ಮನಸ್ಸಿನದು; ದೂರು ತಿರಸ್ಕಾರಕ್ಕೆ ಸಿಕ್ಕವಳು ತನ್ನ ಪ್ರಾಣ, ಮಾನ ಉಳಿಸಿಕೊಳ್ಳಲು ಹೂಡಿದ ಅಪರಾಧ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಕಾಮ ಎಂದು ಕರೆದದ್ದು ನಮ್ಮ ಓದಿನ ಸೋಮಾರಿತನ. ಸುಳ್ಳಿಗೆ ಅವಳನ್ನು ದಂಡಿಸೋಣ. ಬಯಕೆಗೂ ಅದೇ ದಂಡ ಏಕೆ?

ಹೀಗೆ ಕಟ್ಟಿದ್ದರಿಂದ ಲಾಭವಾದದ್ದು ರಾಮನ ತಂದೆ ಕಂಪಿಲರಾಯನಿಗೆ. ಹೆಂಡತಿಯ ದೂರು ಕಿವಿಗೆ ಬಿದ್ದದ್ದೇ ತಡ, ವಿಚಾರಣೆಯಿಲ್ಲದೆ ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟವನು ಅವನು. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತಂದು ತೋರಿಸಿದರೆ, ಅದು ತನ್ನ ಮಗನದಲ್ಲ ಎಂಬುದೂ ಹೆತ್ತ ತಂದೆಗೆ ತಿಳಿಯುವುದಿಲ್ಲ. ಮಗನ ಯೌವನದ ಬಗ್ಗೆ ಅರಸನೊಳಗೆ ಮೊದಲೇ ಕುದಿಯುತ್ತಿದ್ದ ಮತ್ಸರವಿಲ್ಲದೆ ಇಂಥ ಅವಸರ ಬಂದೀತೇ? ಕಾವ್ಯ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಬಿಟ್ಟಿರುವುದರಲ್ಲೇ ಅದರ ಬಲವಿದೆ.

ಇದು ಲೋಕವೆಲ್ಲ ಬಲ್ಲ ಹಳೆಯ ಕಥಾಬೀಜ, ಕುಣಾಲನ ತಿಷ್ಯರಕ್ಷಿತೆ, ತೆಲುಗಿನ ಸಾರಂಗಧರನ ಚಿತ್ರಾಂಗಿ, ಗ್ರೀಕರ ಫೇಡ್ರ ಎಲ್ಲರೂ ಹೀಗೆಯೇ, ಇದರಲ್ಲಿ ಮನಶ್ಶಾಸ್ತ್ರ ಹುಡುಕಬೇಡಿ ಎಂಬ ಆಕ್ಷೇಪ ಬರುತ್ತದೆ. ಬೀಜ ಹಳೆಯದಾದರೂ ಬೆಳೆ ಈ ನೆಲದ್ದು. 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯ ಮೇಲೆ ಬಿದ್ದದ್ದು ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ರಾಯ ಆಶ್ರಯ ಕೊಟ್ಟದ್ದಕ್ಕೆ. ಇಬ್ನ್ ಬತೂತ ಆ ಪತನದ ವೃತ್ತಾಂತ ಬರೆದಿದ್ದಾನೆ. ಅದರಲ್ಲಿ ಚಿಕ್ಕತಾಯಿಯ ಸುಳಿವಿಲ್ಲ. ರಾಜ್ಯ ಬಿದ್ದ ದುಃಖವನ್ನು ಹಾಡಾಗಿಸಿದ ಪರಂಪರೆಗೆ ರಾಜಕಾರಣ ಸಾಲಲಿಲ್ಲ, ಅರಮನೆಯೊಳಗಿನ ಬಿರುಕು ಬೇಕಾಯಿತು. ಆ ಬಿರುಕು ರತ್ನಾಜಿಯಲ್ಲಿ ಮಾತ್ರವಲ್ಲ, ರಾಮನಲ್ಲೂ ಇದೆ. ಅವನನ್ನು ಮಣಿಸಲು ದಿಲ್ಲಿಯ ದಂಡು ಕೊನೆಗೆ ಮುಂದೆ ಬಿಡುವುದು ಮಾತಂಗಿ ಎಂಬ ಹೆಣ್ಣನ್ನು. ಹೆಣ್ಣನ್ನು ಸೋದರಿಯೆಂದಲ್ಲದೆ ಬೇರೆ ಬಗೆಯಲ್ಲಿ ಎದುರಿಸಲು ಬಾರದವನ ವ್ರತ ಅವನಿಗೆ ಕವಚವೂ ಹೌದು, ಮರ್ಮವೂ ಹೌದು.

ಇಷ್ಟಾದರೂ ಜನ್ನನ ಅಮೃತಮತಿಗೆ ಸಿಕ್ಕ ಕರುಣೆ ರತ್ನಾಜಿಗೆ ಸಿಕ್ಕಿಲ್ಲ. 1209ರ ‘ಯಶೋಧರ ಚರಿತೆ’ಯ ಆ ರಾಣಿ ಅಷ್ಟಾವಂಕನನ್ನು ಕೂಡಿದ್ದಲ್ಲದೆ ಗಂಡನಿಗೆ ವಿಷವನ್ನೂ ಇಕ್ಕಿದಳು; ಆದರೂ ಅವಳ ಒಳಗನ್ನು ಬಗೆದು ನೋಡಲು ನಮ್ಮ ವಿದ್ವಾಂಸರು ಬೇಸರಪಡಲಿಲ್ಲ, ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದರು. ಕೊಲೆ ಮಾಡಿದವಳ ಮನಸ್ಸು ಗೂಢ, ಸುಳ್ಳು ಹೇಳಿದವಳದು ಬರೀ ಚಪಲ! ಈ ತಾರತಮ್ಯದ ಬೇರು ಪಾತ್ರಗಳಲ್ಲಿಲ್ಲ, ಪ್ರಕಾರಗಳಲ್ಲಿದೆ. ಹಳಗನ್ನಡ ಬಲ್ಲವರ ಕಾವ್ಯಕ್ಕೆ ಸಂದಿಗ್ಧತೆ ಒಪ್ಪುತ್ತದೆ, ಊರವರು ಕೂತು ಕೇಳುವ ಸಾಂಗತ್ಯಕ್ಕೆ ನೀತಿ ಸಾಕು ಎಂಬ ಹಮ್ಮು ಇದು. ನನಗಂತೂ ಸಾಂಗತ್ಯವೇ ಮೇಲು. ಅದು ಕೇಳುಗರನ್ನು ದಡ್ಡರೆಂದು ಎಣಿಸಲಿಲ್ಲ. ಈಗ ಹಂಪಿ ಸೀಮೆಯಲ್ಲಿ ವೀರನೆಂದರೆ ಕಳಂಕವಿಲ್ಲದ ಕಲ್ಲಿನ ಮೂರ್ತಿಯಾಗಿಯೇ ಇರಬೇಕೆಂಬ ಹಟ ಬೆಳೆದಿದೆ. ರಾಮನನ್ನು ಹಾಗೆ ನಿಲ್ಲಿಸಬೇಕಾದರೆ ರತ್ನಾಜಿಯನ್ನು ತುಳಿಯಲೇಬೇಕು. ಹಾಗೆ ಮಾಡುವವರು ಅಭಿಮಾನಿಗಳಿರಬಹುದು, ಓದುಗರಲ್ಲ.