ಷೆಟ್ಲೆಂಡಿನ ಕುರಿನಾಯಿಯೂ ಅದರ ಆರೋಗ್ಯರಕ್ಷೆಯೂ

ಸ್ಕಾಟ್ಲೆಂಡಿನ ಉತ್ತರಕ್ಕಿರುವ, ಕಡಲಗಾಳಿಯ ಹೊಡೆತಕ್ಕೆ ಮರಗಳೂ ಸರಿಯಾಗಿ ತಲೆಯೆತ್ತದ ಷೆಟ್ಲೆಂಡ್ ದ್ವೀಪಗಳಲ್ಲಿ ಕುರಿಗಳನ್ನು ಕಾಯುತ್ತ, ಪೈರಿಗೆ ಬಾಯಿಡದಂತೆ ಅವನ್ನು ಅಟ್ಟುತ್ತ ಬದುಕಿದ್ದ ಪುಟ್ಟ ನಾಯಿಯೊಂದು, 1909ರಲ್ಲಿ 'ಷೆಟ್ಲೆಂಡ್ ಕಾಲಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಕೆನಲ್ ಕ್ಲಬ್ಬಿನ ಮನ್ನಣೆಯನ್ನು ಗಳಿಸಿ, ಕಾಲಿ ನಾಯಿಗಳನ್ನು ಸಾಕುವವರ ಆಕ್ಷೇಪದ ಫಲವಾಗಿ 1914ರಲ್ಲಿ 'ಷೆಟ್ಲೆಂಡ್ ಷೀಪ್‌ಡಾಗ್' ಎಂಬ ಈಗಿನ ಹೆಸರನ್ನು ಪಡೆಯಿತು. ದೊಡ್ಡ ಕಾಲಿಯೊಡನೆ ಇದಕ್ಕಿರುವ ರಕ್ತಸಂಬಂಧವು ನೀಳವಾದ ಮುಖವನ್ನೂ ಸಮೃದ್ಧವಾದ ರೋಮವನ್ನೂ ಹಂಚಿರುವಂತೆ ಕೆಲವು ಆನುವಂಶಿಕ ವ್ಯಾಧಿಗಳನ್ನೂ ಎರಡಕ್ಕೂ ಹಂಚಿದೆ. ಅದರಿಂದಲೇ, ತಂದೆತಾಯಿಗಳ ಕಣ್ಣು, ರಕ್ತ, ಸೊಂಟದ ಕೀಲುಗಳನ್ನು ಪರೀಕ್ಷಿಸಿದ ಮೇಲೆಯೇ ಜೋಡಿ ಮಾಡತಕ್ಕದ್ದೆಂಬ ಪದ್ಧತಿ ಈ ತಳಿಯನ್ನು ಬೆಳೆಸುವವರಲ್ಲಿ ನೆಲೆಗೊಂಡಿದೆ. ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ನಡೆಯುತ್ತಿರುವ ರೀತಿಯನ್ನೆಲ್ಲ ಮೆಚ್ಚಲಾರೆ.

ಕಣ್ಣಿನ ವಿಷಯದಲ್ಲಿ ಕಾಲವೇ ಮುಖ್ಯ. ಕಣ್ಣಿನ ಒಳಪದರವು ಪೂರ್ಣವಾಗಿ ಬೆಳೆಯದಿರುವ ಜನ್ಮದೋಷವನ್ನು ಮರಿಯ ಐದರಿಂದ ಎಂಟನೆಯ ವಾರದೊಳಗೆ ನೇತ್ರತಜ್ಞನು ಸುಲಭವಾಗಿ ಗುರುತಿಸಬಲ್ಲನು. ಅನಂತರ ಬೆಳೆಯುವ ವರ್ಣದ್ರವ್ಯವು ಸೌಮ್ಯವಾದ ದೋಷವನ್ನು ಮುಚ್ಚಿಬಿಡುವುದರಿಂದ, ತಡವಾಗಿ ಪರೀಕ್ಷಿಸಿದ ನಾಯಿ ನಿರ್ದೋಷವೆಂದು ತೋರಿದರೂ ತನ್ನ ಸಂತತಿಗೆ ಆ ದೋಷವನ್ನು ದಾಟಿಸುತ್ತದೆ. ಮರಿಗಳನ್ನು ಮಾರಿದ ಮೇಲೆ ಪರೀಕ್ಷೆಯ ಭಾರವನ್ನು ಕೊಂಡವರ ಹೆಗಲಿಗೆ ಹೊರಿಸುವವರು ಈ ಅಮೂಲ್ಯವಾದ ಕೆಲವೇ ವಾರಗಳನ್ನು ತಿಳಿದೂ ಕಳೆಯುತ್ತಾರೆ.

ಔಷಧಗಳ ಸಂಗತಿ ಇದಕ್ಕಿಂತಲೂ ವಿಚಾರಾರ್ಹವಾದದ್ದು. ರಕ್ತದಿಂದ ಮಿದುಳಿಗೆ ನುಸುಳುವ ಕೆಲವು ದ್ರವ್ಯಗಳನ್ನು ಹೊರದೂಡುವ ಪ್ರೋಟೀನೊಂದು ಪ್ರಾಣಿದೇಹದಲ್ಲಿದೆ; ಎಂಡಿಆರ್-1 ಎಂಬ ಜೀನು ಕೆಟ್ಟಿರುವ ನಾಯಿಗಳಲ್ಲಿ ಆ ಕಾವಲು ಇಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಕಾಲಿ ನಾಯಿಗಳಲ್ಲಿ ಪ್ರಕಟಿಸಿದ ಈ ನ್ಯೂನತೆ ಷೆಟ್ಲೆಂಡ್ ತಳಿಯಲ್ಲಿ ಅಷ್ಟು ವ್ಯಾಪಕವಲ್ಲದಿದ್ದರೂ ಇದೆಯೆಂಬುದು ನಿಶ್ಚಿತ. ಇವರ್ಮೆಕ್ಟಿನ್ ಔಷಧವನ್ನು ಹೃದಯದ ಜಂತು ಬಾರದಂತೆ ತಿಂಗಳಿಗೊಮ್ಮೆ ಕೊಡುವಾಗ ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 6 ಮೈಕ್ರೋಗ್ರಾಂ ಸಾಕು, ಅಷ್ಟರಿಂದ ಇಂತಹ ನಾಯಿಗೂ ಅಪಾಯವಿಲ್ಲ; ಕಜ್ಜಿಗೆಂದು 300 ಮೈಕ್ರೋಗ್ರಾಂ ಮತ್ತು ಅದಕ್ಕೂ ಹೆಚ್ಚಾಗಿ ಕೊಟ್ಟಾಗಲಾದರೋ ಅದೇ ಔಷಧ ನಡುಕ, ಕುರುಡು, ಮೂರ್ಛೆ, ಕಡೆಗೆ ಮರಣವನ್ನೂ ತರಬಲ್ಲುದು. ಕಜ್ಜಿಗೆ ಇವರ್ಮೆಕ್ಟಿನ್ ಚುಚ್ಚುಮದ್ದು ಬಳಕೆಯಲ್ಲಿರುವ ನಮ್ಮ ನಾಡಿನಲ್ಲಿ ಈ ತಳಿಯನ್ನು ಸಾಕುವವರು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ಇದನ್ನು ತಿಳಿಸುವುದು ಅವಶ್ಯ. ಮನುಷ್ಯರ ಭೇದಿಗೆ ಕೊಡುವ ಲೋಪೆರಮೈಡ್ ಮಾತ್ರೆಯನ್ನು ಇಂತಹ ನಾಯಿಗೆ ತಿನ್ನಿಸಲೇಬಾರದು. ಈ ಜೀನಿನ ದೋಷವನ್ನು ಮೊದಲೇ ತಿಳಿಸಿ ವೈದ್ಯನ ಕೈಯನ್ನು ಸಕಾಲದಲ್ಲಿ ತಡೆಯುವ ಪರೀಕ್ಷೆಯನ್ನು ನಾನು ಉಳಿದೆಲ್ಲಕ್ಕಿಂತ ಮೇಲೆಂದು ಎಣಿಸುತ್ತೇನೆ.

ಪ್ರಯೋಗಶಾಲೆಯನ್ನೇ ಬೇಡದ ನಿವಾರಣೆಯೂ ಒಂದುಂಟು. ಬೂದುನೀಲಿಯ ಮೇಲೆ ಕಪ್ಪು ಮಚ್ಚೆಗಳನ್ನು ಚೆಲ್ಲಿದಂತಿರುವ ಮರ್ಲ್ ಬಣ್ಣ ಮನೋಹರವಾದದ್ದು. ಆದರೆ ಮರ್ಲ್ ನಾಯಿಗಳೆರಡನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಎರಡು ಕಡೆಯಿಂದಲೂ ಆ ಗುಣವನ್ನು ಪಡೆದು, ಕಿವುಡಾಗಿಯೋ ಕಣ್ಣಿಲ್ಲದೆಯೋ ಹುಟ್ಟುವ ಭಯವಿದೆ. ಇದನ್ನು ಬಲ್ಲವರು ಬಣ್ಣದ ಆಸೆಗೆ ಹಾಗೆ ಮಾಡುವುದು ಅಕ್ಷಮ್ಯ.

ನನ್ನ ಆಕ್ಷೇಪ ಪ್ರಮಾಣಪತ್ರದ ವ್ಯಾಮೋಹದ ಮೇಲೆ. ಅಪ್ರಬಲ ದೋಷವೊಂದರ ವಾಹಕವಾದ ನಾಯಿಯನ್ನು ನಿರ್ದೋಷವಾದುದರೊಡನೆ ಜೋಡಿಸಿದರೆ ಮರಿಗಳಲ್ಲಿ ಒಂದಕ್ಕೂ ಆ ರೋಗ ತಗಲುವುದಿಲ್ಲ. ಹಾಗಿದ್ದೂ ವಾಹಕಗಳನ್ನೆಲ್ಲ ವಂಶದಿಂದ ಹೊರಹಾಕುವ ಅತ್ಯುತ್ಸಾಹವು ಮೊದಲೇ ಕಿರಿದಾದ ತಳಿಯ ರಕ್ತವನ್ನು ಇನ್ನೂ ಕಿರಿದುಗೊಳಿಸಿ, ಹೆಸರಿಲ್ಲದ ಬೇರೆ ದೋಷಗಳಿಗೆ ದಾರಿಮಾಡುತ್ತದೆ. ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್ ವ್ಯಾಧಿಯಂತಹ ಘೋರವಾದುದನ್ನು ಕೂಡ ಇಂತಹ ವಿವೇಕದ ಜೋಡಣೆಯಿಂದಲೇ ಅಡಗಿಸಬಹುದು.

ಇನ್ನು, ಎಷ್ಟು ಪತ್ರಗಳಿದ್ದರೂ ತಡೆಯಲಾಗದ ಕಾಯಿಲೆಗಳಿವೆ. ಪಿತ್ತಕೋಶದಲ್ಲಿ ಲೋಳೆ ಗಟ್ಟಿಕಟ್ಟಿಕೊಳ್ಳುವ ರೋಗಕ್ಕೆ ಈ ತಳಿ ವಿಶೇಷವಾಗಿ ಗುರಿಯಾಗುತ್ತದೆ. ಪಿತ್ತಕೋಶ ಒಡೆಯುವವರೆಗೂ ಲಕ್ಷಣಗಳು ಅಸ್ಪಷ್ಟವಾಗಿರಬಹುದಾದುದರಿಂದ, ವಯಸ್ಸಾದ ನಾಯಿ ಆಹಾರ ಬಿಟ್ಟು ವಾಂತಿಮಾಡಿದರೆ ಅಜೀರ್ಣವೆಂದು ತಾತ್ಸಾರಮಾಡದೆ ರಕ್ತಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಬೇಕು. ದಟ್ಟವಾದ ರೋಮವು ಬೊಜ್ಜನ್ನು ಮರೆಸುವ ಕಾರಣ ತೂಕವನ್ನು ಕಣ್ಣಿನಿಂದ ಅಳೆಯಲಾಗದು. ವಾರಕ್ಕೊಮ್ಮೆ ಬಾಚುವ ಹೊತ್ತಿನಲ್ಲಿ ಬೆರಳುಗಳನ್ನು ರೋಮದೊಳಕ್ಕೆ ಇಳಿಸಿ, ಪಕ್ಕೆಲುಬುಗಳು ಸುಲಭವಾಗಿ ಕೈಗೆ ತಾಗುತ್ತವೆಯೇ ಎಂದು ನೋಡಿಕೊಂಡು ಆಹಾರವನ್ನು ಹೆಚ್ಚಿಸುವುದೋ ಇಳಿಸುವುದೋ ಮಾಡತಕ್ಕದ್ದು.