‘ಸತ್ಯಮೇವ ಜಯತೆ’ಯೂ ನಮ್ಮ ನಾಗೇಶಿ ಹಾಡೂ

ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ. ಟಿ.ವಿ. ಕಾರ್ಯಕ್ರಮದ ಮ್ಯಾಲ ಒಂದು ವಿಮರ್ಶೆ ಬರೀರಿ ಅಂತ ವಾಚನಾಲಯದ ಗುರುಗಳು ಅಂದಾಗ ಮೊದಲು ನಗು ಬಂತು. ಆದರೆ 40 ವರ್ಷ ಡೊಳ್ಳಿನ ಮ್ಯಾಳದಾಗ ಹಾಡೀನಿ. ಎದುರಿನವರ ಪದದಾಗ ಯಾವುದು ಗಟ್ಟಿ ಕಾಳು, ಯಾವುದು ಜೊಳ್ಳು ಅಂತ ತೂರಿ ನೋಡೋದು ನಮಗ ರೂಢಿ. ಅದೇ ಮೊರ ಹಿಡಕೊಂಡು ಈ ಕಾರ್ಯಕ್ರಮ ನೋಡೀನಿ.

‘ಸತ್ಯಮೇವ ಜಯತೆ’ ಶುರುವಾದದ್ದು 2012ರ ಮೇ 6ರಂದು, ರವಿವಾರ ಮುಂಜಾನೆ 11ಕ್ಕ. ನಡೆಸಿದವರು ನಟ ಅಮೀರ್ ಖಾನ್. ದೂರದರ್ಶನದಾಗೂ ಬರತಿದ್ದದ್ದರಿಂದ ಹಳ್ಳಿಯವರಿಗೂ ಸಿಕ್ಕಿತು. ಮೊದಲನೇ ಕಂತು ಹೆಣ್ಣು ಭ್ರೂಣಹತ್ಯೆ ಕುರಿತದ್ದು.

ಗಟ್ಟಿ ಕಾಳು ಮೊದಲು ಹೇಳತೀನಿ. ನೊಂದ ಹೆಣ್ಣುಮಕ್ಕಳನ್ನೇ ಕೂಡ್ರಿಸಿ ಮಾತಾಡಿಸಿದರು. ಅವರ ಮಾತು ಮುಗಿಯೋತನಕ ಕಾದರು. ಎರಡನೇದು, ‘ಇದು ಬಡವರ, ಅಡಾಣಿಗಳ ಕೆಲಸ’ ಅನ್ನೋ ಸುಳ್ಳನ್ನು ಒಡೆದರು. ದೆಹಲಿಯ ಒಬ್ಬ ಡಾಕ್ಟರ್ ಹೆಣ್ಣುಮಗಳೇ ತನ್ನ ಗಂಡನ ಮನ್ಯಾಗ ಆದದ್ದನ್ನು ಹೇಳಿದಳು. ರಾಜಸ್ಥಾನದ ಪತ್ರಕರ್ತರು ಗುಪ್ತ ಕ್ಯಾಮೆರಾದಾಗ ಹಿಡಿದ ಡಾಕ್ಟರರ ಕಥಿ ಬಂತು. ಲಿಂಗಪತ್ತೆ ತಡೆಯೋ ಕಾಯ್ದೆ 1994ರಾಗ ಆಗೇತಿ ಅನ್ನೋದು ಆವತ್ತೇ ನನಗ ತಿಳೀತು.

ಇನ್ನು ಜೊಳ್ಳು. ಕಡೀಕ ‘ಓ ರೀ ಚಿರೈಯಾ’ ಅಂತ ಒಂದು ಹಾಡು ಹಾಡಿದರು. ಸ್ವಾನಂದ ಕಿರಕಿರೆಯವರ ದನಿ ಭಾಳ ಛಲೋ. ಕಣ್ಣಾಗ ನೀರು ಬಂತು. ಆದರೆ ಹಾಡಾವನಾಗಿ ನನಗೊಂದು ತಕರಾರು ಐತಿ. ಆ ಹಾಡು ಮಗಳನ್ನು ಗುಬ್ಬಿ ಮಾಡಿ, ಅಂಗಳಕ್ಕ ಮತ್ತ ಬಾ ಅಂತ ಕರೀತದ. ಬಾಗಿಲ ಹಾಕಿದಾವ ಯಾರು ಅಂತ ಕೇಳೂದಿಲ್ಲ. ನಮ್ಮ ಡೊಳ್ಳಿನ ಹಾಡಿಕ್ಯಾಗ ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ಬೆಳತನಕ ಸವಾಲು ಜವಾಬು ನಡೀತದ. ಸವಾಲಿಗೆ ಜವಾಬು ಕೊಡದೆ ಯಾರೂ ಕಣದಿಂದ ಏಳೂಹಂಗಿಲ್ಲ. ಟಿ.ವಿ.ಯವರು ಕಡೀಕ ಕೇಳಿದ್ದು ಒಂದು ಮೆಸೇಜು. ರಾಜಸ್ಥಾನದಾಗ ಇಂಥ ಖಟ್ಲೆಗಳಿಗೆ ಬ್ಯಾರೆ ಕೋರ್ಟ್ ಆಗಲಿ ಅಂತ ಸರ್ಕಾರಕ್ಕ ಕೇಳಾಕ. ಅದೂ ಬೇಕು. ಆದರೆ ನೋಡುವ ಮಾವ, ಅತ್ತಿ, ಗಂಡ ಜವಾಬು ಕೊಡದೇ ಎದ್ದು ಊಟಕ್ಕ ಹೋದರು.

ನಾನೂ ಹಂಗ ಏಳಾವಿದ್ದೆ. ನನ್ನ ಹೆಂಡತಿಗೆ ಹಿಂದಿ ಬರೂದಿಲ್ಲ. ‘ಆಕಿ ಏನಂದ್ಲು, ಹೇಳ್ರಿ’ ಅಂತ ಕೇಳಿದಳು. ಒಂದೊಂದೇ ಮಾತು ಕನ್ನಡದಾಗ ಹೇಳಕೋತ ಹೋದೆ. ಹಿಂದಿಯೊಳಗ ಅದು ದೆಹಲಿ, ರಾಜಸ್ಥಾನದ ಮಾತಾಗಿತ್ತು. ನನ್ನ ಬಾಯಿಂದ ಬಂದಕೂಡಲೆ ನಮ್ಮ ಮನಿ ಮಾತಾತು. ಮೂರು ವರ್ಷದ ಹಿಂದ ಸೊಸಿಗೆ ಎರಡು ಹೆಣ್ಣಾಗಿ ಮತ್ತ ಬಸುರಿದ್ದಾಗ, ‘ಪ್ಯಾಟಿಗೆ ಹೋಗಿ ತಪಾಸ ಮಾಡಿಸೋಣು’ ಅಂತ ಮನ್ಯಾಗ ಮಾತೆದ್ದಿತ್ತು. ನಾನು ಹೂಂ ಅನ್ನಲಿಲ್ಲ, ಬ್ಯಾಡ ಅನ್ನಲೂ ಇಲ್ಲ. ಹಾಡಿಕಿ ಐತಿ ಅಂತ ಹೋದೆ. ಸೊಸಿ ತವರಿಗೆ ಹೋಗಿ ಕುಂತಳು, ಕೂಸು ಉಳೀತು. ಹೆಂಡತಿ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿ, ‘ಅಲ್ರೀ, ರಾತ್ರಿಯೆಲ್ಲ ನಾಗೇಶಿ ಹಾಡಾವ್ರು ಅವತ್ಯಾಕ ಸುಮ್ಮನಿದ್ರಿ?’ ಅಂದಳು. ನನ್ನ ಕಡೆ ಜವಾಬು ಇರಲಿಲ್ಲ. ಆ ಮೊಮ್ಮಗಳು ಈಗ ಹೈಸ್ಕೂಲಿಗೆ ಹೋಗತಾಳ. ಇದನ್ನ ಓದತಾಳ ಅಂತ ಗೊತ್ತಿದ್ದೇ ಬರದೀನಿ.

ಅದಕ್ಕ ಭಾಷಾ ಸಣ್ಣ ಮಾತಲ್ಲ. ಈ ಕಾರ್ಯಕ್ರಮ ಬ್ಯಾರೆ ಬ್ಯಾರೆ ಭಾಷೆಗೆ ಡಬ್ ಆಗಿ ಬಂತು. ಕನ್ನಡದಾಗ ಟಿ.ವಿ.ಗೆ ಬರಲಿಲ್ಲ. ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಅನ್ನ ಹೋಗತದ ಅಂತ ಕನ್ನಡ ಚಿತ್ರರಂಗದವರು ಅಡ್ಡ ನಿಂತರು. ಅನ್ನದ ಚಿಂತಿ ಸುಳ್ಳಲ್ಲ. ಆದರೆ ಹಿಂಗ ತಡೆಯೋದು ತಪ್ಪು ಅಂತ 2015ರಾಗ ಸ್ಪರ್ಧಾ ಆಯೋಗ ದಂಡ ಹಾಕಿತು. ಗಡಿಯಾಚೆ ಜತ್ತ ತಾಲೂಕಿನಾಗ ಕನ್ನಡ ಉಳಿಸಿಕೊಂಡು ಕುಂತ ನಮ್ಮಂಥವರಿಗೆ, ಬೆಂಗಳೂರಿನವರೇ ಕನ್ನಡದ ಬಾಗಿಲ ಹಾಕಿದ್ದು ಕೆಡುಕನಿಸಿತು.

ಕಾರ್ಯಕ್ರಮ ಬಂದು ಐದು ವರ್ಷಕ್ಕ, 2017ರ ಮಾರ್ಚ್‌ದಾಗ, ನಮ್ಮದೇ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಾಗ ಹೂತಿಟ್ಟ 19 ಭ್ರೂಣ ಸಿಕ್ಕವು. ಟಿ.ವಿ. ಮುಂದ ಅತ್ತವರು ನಮ್ಮ ಜಿಲ್ಲೆಯಾಗೂ ಇದ್ದರಲ್ಲ?

ನಾನು ಹುಡುಗಿದ್ದಾಗ, 1975ರಾಗ, ವಿಜಾಪುರ ಜಿಲ್ಲೆಯ ಸೋದರಮಾವನ ಊರಾಗ ಮೊದಲ ಸಲ ಟಿ.ವಿ. ನೋಡಿದ್ದೆ. ಉಪಗ್ರಹದಿಂದ ಆರು ರಾಜ್ಯದ 2,400 ಹಳ್ಳಿಗೆ ಒಂದು ವರ್ಷ ತೋರಿಸಿದರು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಯ ಹಳ್ಳಿಗಳು ಅದರಾಗ ಇದ್ದವು. ಚಿತ್ರ ಮಸುಕು. ಆದರೆ ಕನ್ನಡದಾಗ ಬರತಿತ್ತು, ಊರೇ ಕೂಡಿ ನೋಡತಿತ್ತು. ಮುಗಿದ ಮ್ಯಾಲ ‘ಇದು ನಮ್ಮ ಹೊಲಕ್ಕ ಆಗೂದಿಲ್ಲ’ ಅಂತ ಹಿರಿಯರು ಜಗಳಾಡತಿದ್ದರು. ಆ ಜಗಳಾನೇ ಜವಾಬು.

ಈಗ ಒಬ್ಬೊಬ್ಬರ ಕೈಯಾಗ ಒಂದೊಂದು ಮೊಬೈಲು. ವಾಚನಾಲಯದಾಗ ತಿಂಗಳಿಗೊಮ್ಮೆ ಇಂಥದೊಂದು ಕಂತು ಹಾಕೋಣು. ನಡುನಡುವ ನಿಲ್ಲಿಸಿ ಗುರುಗಳು ಕನ್ನಡದಾಗ ಹೇಳಲಿ. ಹೆಣ್ಣುಮಕ್ಕಳು ಹಿಂದ ಅಲ್ಲ, ಮುಂದ ಕೂಡಲಿ. ಮುಗಿದ ಮ್ಯಾಲ ಗಂಡಸರು ಜವಾಬು ಕೊಟ್ಟೇ ಏಳಲಿ. ಮೊದಲನೇ ಸವಾಲು ನನಗ ಹಾಕ್ರಿ.