ಗೌಡ, ಯಜಮಾನ, ಪಟ್ಟ: ಸಭಾಮುಖ್ಯರ ಪದಗಳ ಅರ್ಥವಿಚಾರ

ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯಲ್ಲಿ ಒಕ್ಕಲಿಗ ಕಪ್ಪಿಲಿಯರು, ಅನುಪ್ಪರು ಮೊದಲಾದವರು ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. ಓದು ಬರಹ ತಮಿಳಿನಲ್ಲಿ, ಮಾತುಕತೆ ಕನ್ನಡದಲ್ಲಿ. ಇಂಥ ಮಾತಿನಲ್ಲಿ ಸಭೆಯ ಮುಂದೆ ಕೂತು ನ್ಯಾಯ ಹೇಳುವವನಿಗೆ, ಕಟ್ಟಳೆ ನಡೆಸುವವನಿಗೆ ಸಲ್ಲುವ ಪದಗಳನ್ನು ನಾವು ಹೇಗೆ ಅರ್ಥ ಮಾಡಿದ್ದೇವೆ, ಎಲ್ಲಿ ಎಡವಿದ್ದೇವೆ ಎಂಬುದೇ ಈ ಲೇಖನದ ವಿಷಯ. ಗೌಡ, ಯಜಮಾನ, ಪಟ್ಟ ಎಂಬ ಮೂರು ಪದಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಮೂರೂ ಸ್ಥಾನವಾಚಕಗಳು. ಅವನ್ನು ಕುಲವಾಚಕ ಅಂತಲೋ ರಾಜವಾಚಕ ಅಂತಲೋ ಓದುವ ರೂಢಿಯನ್ನು ಬಿಡಬೇಕು ಎಂಬುದು ನನ್ನ ವಾದ.

ಮೊದಲು 'ಗೌಡ'. ನಮ್ಮ ಜನರಲ್ಲಿ ಕೆಲವರು ಇದನ್ನು ವಂಗದೇಶದ ಗೌಡಕ್ಕೆ ಜೋಡಿಸಿ, ಅಲ್ಲಿಂದ ಬಂದವರು ನಾವು ಅಂತ ಹೇಳುವುದುಂಟು. ಕೇಳಲು ಸೊಗಸು, ಆದರೆ ಶಬ್ದಶಾಸ್ತ್ರ ಒಪ್ಪುವುದಿಲ್ಲ. ಹಳಗನ್ನಡ ಶಾಸನಗಳಲ್ಲಿ ಈ ಪದದ ರೂಪ 'ಗಾಮುಂಡ', ಮುಂದೆ 'ಗಾವುಂಡ', ಆಮೇಲೆ 'ಗವುಡ', 'ಗೌಡ'. ಹಿಂದಕ್ಕೆ ಹೋದರೆ ಸಂಸ್ಕೃತದ 'ಗ್ರಾಮಕೂಟ', ಪ್ರಾಕೃತದ 'ಗಾಮಉಡ'. ಹೇಮಚಂದ್ರನು ದೇಶೀನಾಮಮಾಲೆಯಲ್ಲಿ ಈ ಪ್ರಾಕೃತ ಪದಕ್ಕೆ ಹೇಳುವ ಅರ್ಥ ಗ್ರಾಮಪ್ರಧಾನ ಎಂದೇ. ದೇಶನಾಮಕ್ಕೂ ಇದಕ್ಕೂ ಈಗ ಉಚ್ಚಾರದಲ್ಲಿ ಇರುವ ಹೋಲಿಕೆ ಕಾಲಾಂತರದಲ್ಲಿ ಒದಗಿದ್ದು, ಅಷ್ಟೆ.

ಇಲ್ಲಿ ಉಪಭಾಷಾ ಅಧ್ಯಯನ ಮಾಡುವವರು ಗಮನಿಸಬೇಕಾದ ಒಂದು ಸಂಗತಿ ಇದೆ. ಕರ್ನಾಟಕದ 'ಗೌಡ'ದಲ್ಲಿ ನಡುವಿನ ಅನುನಾಸಿಕ ಬಿದ್ದುಹೋಗಿದೆ. ತಮಿಳಿನ 'ಕವುಂಡನ್', 'ಕವುಂಡರ್' ರೂಪಗಳಲ್ಲಿ ಅದು ಉಳಿದಿದೆ. ಕಂಬಂ ಪಕ್ಕದ ಕಾಮಯಗೌಂಡನ್‌ಪಟ್ಟಿ ಎಂಬ ಊರ ಹೆಸರನ್ನೇ ನೋಡಿ. 'ಗಾವುಂಡ'ದ ಣಕಾರ ಅಲ್ಲಿ ದಿನಾ ಜನರ ಬಾಯಲ್ಲಿ ನಡೀತಾ ಇದೆ. ಇದನ್ನು 'ತಮಿಳಿನಿಂದ ಕೆಟ್ಟ ರೂಪ' ಅಂತ ತಳ್ಳಿಹಾಕುವವರು ಹಳೆಯದನ್ನೇ ಕೆಟ್ಟದ್ದು ಅಂದಂತಾಗುತ್ತದೆ.

ಇನ್ನು ಅರ್ಥ. ಶಾಸನಗಳಲ್ಲಿ 'ಊರ್ಗಾವುಂಡ' ಒಬ್ಬನಾದರೆ, ಹಲವು ಊರುಗಳ ಮೇಲಿನ 'ನಾಳ್ಗಾವುಂಡ' ಇನ್ನೊಬ್ಬ. ಹೀಗೆ ಮೇಲೆ ಕೆಳಗೆ ಅಂತಸ್ತು ಇರುವುದು ಹುದ್ದೆಗೆ. ಕುಲಕ್ಕೆ ಹಾಗಿರುವುದಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಆ ಸ್ಥಾನವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರೆಂದು ಶಾಸನ ತಿಳಿಸುತ್ತದೆ. ಅರಸನು ಕೊಟ್ಟು ಅವಳು ನಡೆಸಿದ್ದು ಅಧಿಕಾರವೇ ಸರಿ. ಜಾತಿಯನ್ನು ಯಾರೂ ಯಾರಿಗೂ ಕೊಡುವುದಿಲ್ಲವಷ್ಟೆ. ತಮಿಳುನಾಡಿನಲ್ಲೂ ಕೊಂಗು ವೆಳ್ಳಾಳರು, ವೇಟ್ಟುವರು, ಕುರುಂಬರು, ಅನುಪ್ಪರು, ಉತ್ತರದಲ್ಲಿ ವನ್ನಿಯರು, ಹೀಗೆ ಬೇರೆ ಬೇರೆ ಜನ ಈ ಪದವನ್ನು ಹೆಸರಿನ ಕೊನೆಗೆ ಹಚ್ಚಿಕೊಳ್ಳುತ್ತಾರೆ. ಇಷ್ಟು ಕುಲಗಳಿಗೆ ಸಲ್ಲುವ ಪದ ಯಾವ ಒಂದು ಕುಲದ ಸ್ವತ್ತೂ ಆಗದು. ಆದ್ದರಿಂದ ಶಾಸನದಲ್ಲಿ 'ಗಾವುಂಡ' ಕಂಡ ಕೂಡಲೆ 'ನಮ್ಮವರು' ಅಂತ ಬರೆದುಬಿಡುವುದು ಚರಿತ್ರೆಗೆ ಮಾಡುವ ಅಪಚಾರ.

ಹುದ್ದೆ ಹೋಗಿ ಪದ ಮಾತ್ರ ಉಳಿಯುವುದು ನಮ್ಮ ಕಾಲದಲ್ಲೇ ಕಂಡ ಸಂಗತಿ. ಕರ್ನಾಟಕದಲ್ಲಿ ೧೯೬೧ರ ಕಾಯಿದೆ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯಿತು. ತಮಿಳುನಾಡಿನಲ್ಲಿ ೧೯೮೦ರಲ್ಲಿ ಮಣಿಯಗಾರ, ಕರ್ಣಂ ಹುದ್ದೆಗಳು ಹೋದವು. ಹೆಸರುಗಳು ಮಾತ್ರ ಮನೆತನಗಳಿಗೆ ಅಂಟಿಕೊಂಡೇ ಇವೆ. ಪರದೇಶದಲ್ಲೂ ಇಂಥ ಪದಗಳ ಅರ್ಥ ಜರುಗಿದ್ದುಂಟು. ಸ್ಕಾಟ್ಲೆಂಡಿನ ಹಳೆಯ ಮಾತಿನಲ್ಲಿ ಸಭೆಯ ಅಧ್ಯಕ್ಷನಿಗೆ 'ಪ್ರೀಸಿಸ್' ಎನ್ನುತ್ತಿದ್ದರು. ಲ್ಯಾಟಿನ್ ಮೂಲದ ಪ್ರಕಾರ 'ಮುಂದೆ ಕುಳಿತವನು'. ರೋಮನರಲ್ಲಿ ಅದು ಪ್ರಾಂತಾಧಿಪತಿಯ ಬಿರುದು, ಸ್ಕಾಟರಲ್ಲಿ ಸಂಘದ ಕೂಟ ನಡೆಸುವವನಿಗೂ ಸಂದಿತು. ಅಲ್ಲಿ ಅರ್ಥ ಕೆಳಗಿಳಿದರೂ ಪದ ಸ್ಥಾನವನ್ನು ಬಿಡಲಿಲ್ಲ. ನಮ್ಮಲ್ಲಿ ಪದ ಸ್ಥಾನ ಬಿಟ್ಟು ವಂಶಕ್ಕೆ ಸೇರಿತು.

ಎರಡನೆಯದು 'ಯಜಮಾನ'. ಯಜ ಧಾತುವಿಗೆ ಶಾನಚ್ ಪ್ರತ್ಯಯ ಹತ್ತಿದ ರೂಪ. ಆತ್ಮನೇಪದವಾದ್ದರಿಂದ ಯಾಗದ ಫಲ ಯಾರಿಗೋ ಅವನು ಯಜಮಾನ. ಯಾಗಶಾಲೆಯಲ್ಲಿ ಮೇಲ್ವಿಚಾರಣೆ ಬ್ರಹ್ಮನೆಂಬ ಋತ್ವಿಜನದು. ಯಜಮಾನನದು ಸಂಕಲ್ಪ, ದಕ್ಷಿಣೆ. ಕನ್ನಡದಲ್ಲೂ ತಮಿಳಿನಲ್ಲೂ ಇದೇ ಪದ ಮನೆಯ ಹಿರಿಯ, ಗಂಡ, ಒಡೆಯ, ಕುಲದ ಮುಖ್ಯ ಎಂದಾಯಿತು. ಖರ್ಚು ಹೊತ್ತವನೇ ಮುಂದಾಳು ಅನ್ನೋ ಲೋಕಾನುಭವ ಈ ಅರ್ಥಾಂತರದ ಹಿಂದಿರಬೇಕು. ಅಮರಕೋಶದಲ್ಲಿ 'ಗ್ರಾಮಣೀ' ಪದಕ್ಕೆ ನಾಪಿತ, ಶ್ರೇಷ್ಠ, ಗ್ರಾಮಾಧಿಪ ಎಂದು ಮೂರು ಅರ್ಥ. ಪಾಣಿನಿಯ ಐದನೆಯ ಅಧ್ಯಾಯದ ಸೂತ್ರವೊಂದರಲ್ಲಿ (೫.೨.೭೮) ಇದೇ ಪದ ಬಂದಿದೆ. ಅಲ್ಲಿ ಕಾಶಿಕಾಕಾರರು ಹೇಳುವ ಅರ್ಥ ಪ್ರಧಾನ, ಮುಖ್ಯ ಎಂದು. ಊರಿನ ಮಾತೇ ಇಲ್ಲ. ಮುಖ್ಯವಾಚಕಗಳು ಮೂಲಾರ್ಥದಲ್ಲಿ ನಿಲ್ಲುವುದು ಅಪರೂಪ.

ಮೂರನೆಯದು 'ಪಟ್ಟ'. ಕಂಬಂ ಕಪ್ಪಿಲಿಯರು ನಂದಗೋಪಾಲನ ಹೆಸರಿನಲ್ಲಿ ಒಂದು ದೇವರ ದನದ ಹಿಂಡನ್ನು ಸಾಕುತ್ತಾ ಬಂದಿದ್ದಾರೆ. ತಮಿಳಿನಲ್ಲಿ 'ತಂಬಿರಾನ್ ಮಾಡು', ಕನ್ನಡದಲ್ಲಿ 'ದೇವರು ಆವು'. ೧೯೦೬ರ ಮಧುರಾ ಜಿಲ್ಲಾ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಇದನ್ನು ವರ್ಣಿಸಿದ್ದಾನೆ. ಹಿಂಡಿನ ಮುಖ್ಯನಿಗೆ 'ಪಟ್ಟದ ಆವು' ಅನ್ನುತ್ತಾರೆ. ಅದು ಸತ್ತರೆ ಹಿಂಡನ್ನು ಒಟ್ಟುಗೂಡಿಸಿ, ಧೂಪ, ಕರ್ಪೂರ, ಬಾಳೆಹಣ್ಣು, ತೆಂಗಿನಕಾಯಿ ಅರ್ಪಿಸಿ, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವುದು ಮೊದಲು ಬಂದು ತಿನ್ನುತ್ತದೋ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ ಪಟ್ಟ ಕಟ್ಟುತ್ತಾರೆ.

ಫ್ರಾನ್ಸಿಸನ ವಿವರ ಬೆಲೆಯುಳ್ಳದ್ದು. ಆದರೆ 'ಪಟ್ಟದ' ಎಂಬುದನ್ನು ಅವನು 'ರಾಜ' ಅಂತ ಇಂಗ್ಲಿಷಿಗೆ ತಂದದ್ದು ಸಾಲದು. ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. ವರಾಹಮಿಹಿರನ ಬೃಹತ್ಸಂಹಿತೆಯ ಪಟ್ಟಲಕ್ಷಣದಲ್ಲಿ ರಾಜನ ಪಟ್ಟಕ್ಕೆ ಐದು ಶಿಖೆ, ರಾಣಿಗೂ ಯುವರಾಜನಿಗೂ ಮೂರು, ಸೇನಾಪತಿಗೆ ಒಂದು. ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ. ಅಂದರೆ ಸೇನಾಪತಿಗೂ ಪಟ್ಟವುಂಟು, ಕೃಪೆಗೆ ಪಾತ್ರನಾದವನಿಗೂ ಪಟ್ಟವುಂಟು. ಪಟ್ಟದಾನೆ ಆನೆಗಳಿಗೆ ರಾಜ ಎಂದಲ್ಲ, ಪಟ್ಟ ಕಟ್ಟಿಸಿಕೊಂಡ ಆನೆ. ಹಾಗೆಯೇ ಪಟ್ಟದ ಆವು. ಹತ್ತು ಜನರ ಎದುರು ವಿಧಿಪೂರ್ವಕ ಮುಖ್ಯಸ್ಥಾನ ಪಡೆದದ್ದು ಎಂಬುದೇ ಇಲ್ಲಿನ ಅರ್ಥ. ('ಪಟ್ಟಣಸ್ವಾಮಿ'ಯನ್ನು ಇದರೊಡನೆ ಬೆರೆಸಬಾರದು, ಅದು ಪಟ್ಟಣದಿಂದ ಬಂದದ್ದು.)

'ಆವು' ಪದವೂ ಗಮನಾರ್ಹ. ಕರ್ನಾಟಕದ ಇಂದಿನ ಬಳಕೆಯಲ್ಲಿ ಹಸು, ಆಕಳು, ದನ ಎಂಬವು ಮುಂದೆ ಬಂದು ಇದು ಹಿಂದೆ ಸರಿದಿದೆ. ಇಲ್ಲಿ ಗಂಡಿಗೂ ಸಂದಿರುವುದರಿಂದ 'ಆವು' ಎಂದರೆ ದನ ಎಂಬ ಸಾಮಾನ್ಯಾರ್ಥವೆಂದು ಊಹಿಸಬಹುದು. ಇಂಗ್ಲಿಷ್ ವಿವರವನ್ನು ನೋಡಿ 'ರಾಜಬಸವ' ಅಂತ ಕನ್ನಡಿಸಿಬಿಟ್ಟರೆ, 'ಪಟ್ಟ', 'ಆವು' ಎರಡೂ ನಮ್ಮ ಕೈಯಿಂದಲೇ ಹೋದವು.

ಆದ್ದರಿಂದ ಪದ ಸಂಗ್ರಹಿಸುವವರಲ್ಲಿ ನನ್ನ ವಿನಂತಿ ಇಷ್ಟು. ಹಿರಿಯರನ್ನು 'ನಿಮ್ಮ ಜಾತಿಯ ಬಿರುದೇನು' ಅಂತ ಕೇಳಬೇಡಿ. 'ಕೂಟ ಸೇರಿದಾಗ ಮುಂದೆ ಯಾರು ಕೂರ್ತಿದ್ರು, ಅವರನ್ನ ಏನಂತಿದ್ರಿ, ಅವರಿಲ್ಲದಾಗ ಆ ಜಾಗಕ್ಕೆ ಯಾರು ಬರ್ತಿದ್ರು' ಅಂತ ಕೇಳಿ. ಅವರು ಹೇಳಿದ ರೂಪವನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ಮಕ್ಕಳು ತಮಿಳಿನ 'ನಾಟ್ಟಾಮೈ' ಒಂದನ್ನೇ ಬಲ್ಲವರಾಗುವ ಮೊದಲು ಈ ಕೆಲಸ ಆಗಬೇಕು.